ಮತ ಹಾಕುವ ಮುಂಚೆ ಬರುವ ಲೆಕ್ಕ

ದಂಡ ವಸೂಲಿ ನಿಲ್ಲಿಸಿದರೆ ಸರ್ಕಾರಕ್ಕೆ ನಷ್ಟ ಆಗಬೇಕು, ಅಲ್ವಾ? 2017ರ ನವೆಂಬರ್‌ನಲ್ಲಿ ಅಮೆರಿಕದ ಸಂಸದರ ಕೈಗೆ ಬಂದ ಒಂದು ಲೆಕ್ಕ ಪೂರ್ತಿ ಉಲ್ಟಾ ಹೇಳಿತು. ಆಗ ಅಲ್ಲಿ ಆರೋಗ್ಯ ವಿಮೆ ಮಾಡಿಸದವರು ತೆರಿಗೆಯ ಜೊತೆ ದಂಡ ಕಟ್ಟಬೇಕಿತ್ತು. ಒಬ್ಬ ವಯಸ್ಕರಿಗೆ ವರ್ಷಕ್ಕೆ 695 ಡಾಲರ್. ಆದಾಯ ಹೆಚ್ಚಿದ್ದವರಿಗೆ ಇನ್ನೂ ಜಾಸ್ತಿ. ಈ ವಿಮೆ ಕಡ್ಡಾಯವನ್ನು ರದ್ದು ಮಾಡಿದರೆ ಹತ್ತು ವರ್ಷದಲ್ಲಿ ಸರ್ಕಾರದ ಕೊರತೆ 33,800 ಕೋಟಿ ಡಾಲರ್ ಕಡಿಮೆ ಆಗುತ್ತದೆ ಎಂದಿತು ಆ ಲೆಕ್ಕ. ಅದರ ಪಕ್ಕದಲ್ಲೇ ಇನ್ನೊಂದು ಅಂಕಿಯೂ ಇತ್ತು: 2027ರ ಹೊತ್ತಿಗೆ ವಿಮೆ ಇಲ್ಲದವರು 1.3 ಕೋಟಿ ಜಾಸ್ತಿ ಆಗುತ್ತಾರೆ.

ದಂಡದ ಹಣ ಬರುವುದು ನಿಂತ ಮೇಲೆ ಉಳಿತಾಯ ಎಲ್ಲಿಂದ ಬಂತು? ಎಳೆ ಹಿಡಿದು ಹೋದರೆ ಗೊತ್ತಾಗುತ್ತದೆ. ದಂಡದ ಭಯ ಹೋದರೆ ಒಂದಷ್ಟು ಜನ, ಅದರಲ್ಲೂ ಗಟ್ಟಿಮುಟ್ಟಾಗಿರುವವರು, ವಿಮೆ ಬಿಟ್ಟುಬಿಡುತ್ತಾರೆ. ಅವರಲ್ಲಿ ಹಲವರ ಪ್ರೀಮಿಯಂನ ಒಂದು ಪಾಲನ್ನು ಸರ್ಕಾರವೇ ಕಟ್ಟುತ್ತಿತ್ತು. ಆ ದುಡ್ಡು ಉಳಿಯಿತು. ಕಡಿಮೆ ಆದಾಯದವರಿಗೆ ಮೆಡಿಕೈಡ್ ಎಂಬ ಸರ್ಕಾರಿ ಯೋಜನೆ ಇದೆ. ದಂಡ ತಪ್ಪಿಸಿಕೊಳ್ಳಲೆಂದು ವಿಮೆ ಹುಡುಕುತ್ತಾ ಬಂದವರಲ್ಲಿ ಕೆಲವರಿಗೆ ‘ಓ, ಇದು ನಮಗೂ ಸಿಗುತ್ತೆ’ ಅಂತ ಗೊತ್ತಾಗಿ ಅದಕ್ಕೆ ಸೇರುತ್ತಿದ್ದರು. ಇನ್ನು ಅವರು ಹುಡುಕಿಕೊಂಡೇ ಬರುವುದಿಲ್ಲ. ಅಲ್ಲೂ ಖರ್ಚು ಇಳಿಯಿತು. ಆದರೆ ಆರೋಗ್ಯವಂತರು ಹೊರಗೆ ಹೋದರೆ ಒಳಗೆ ಉಳಿಯುವವರಲ್ಲಿ ಕಾಯಿಲೆಯವರ ಪಾಲು ಹೆಚ್ಚಾಗುತ್ತದೆ. ಹಾಗಾಗಿ ಸ್ವಂತವಾಗಿ ವಿಮೆ ಕೊಳ್ಳುವವರ ಪ್ರೀಮಿಯಂ ಸುಮಾರು ಶೇ 10 ಏರುತ್ತದೆ, ಅದರ ಜೊತೆ ತಲಾ ಸಬ್ಸಿಡಿಯೂ ಏರುತ್ತದೆ. ಬಾರದೆ ಹೋಗುವ ದಂಡವನ್ನೂ ಕಳೆಯಬೇಕು. ಇದೆಲ್ಲ ಕೂಡಿ ಕಳೆದ ಮೇಲೆ ನಿಂತ ಅಂಕಿಯೇ 33,800 ಕೋಟಿ.

ಇಲ್ಲಿ ಲೆಕ್ಕಕ್ಕೆ ಬಂದದ್ದು ಬರೀ ಹಣ ಅಲ್ಲ, ಜನರ ನಡವಳಿಕೆ. ಕಾನೂನು ಬದಲಾದರೆ ಯಾರು ಏನು ಮಾಡುತ್ತಾರೆ, ಅದನ್ನು ನೋಡಿ ಇನ್ನೊಬ್ಬರು ಏನು ಮಾಡುತ್ತಾರೆ, ಕೊನೆಗೆ ಖಜಾನೆಗೆ ಏನಾಗುತ್ತದೆ. ಒಬ್ಬ ಸಂಸದ ಕೂತು ಇದನ್ನು ಬಿಡಿಸಲು ಆಗುವುದಿಲ್ಲ. ಅದಕ್ಕೆಂದೇ ಒಂದು ಕಚೇರಿ ಇದೆ: ಕಾಂಗ್ರೆಷನಲ್ ಬಜೆಟ್ ಆಫೀಸ್, ಚಿಕ್ಕದಾಗಿ ಸಿಬಿಒ. ಕಾಂಗ್ರೆಸ್ ಅಂದರೆ ಇಲ್ಲಿ ಪಕ್ಷದ ಹೆಸರಲ್ಲ, ಅಮೆರಿಕದ ಸಂಸತ್ತು. 435 ಸದಸ್ಯರ ಪ್ರತಿನಿಧಿ ಸಭೆ, 100 ಸದಸ್ಯರ ಸೆನೆಟ್, ಎರಡೂ ಸೇರಿ ಕಾಂಗ್ರೆಸ್. ಇವರಿಗೆಲ್ಲ ಲೆಕ್ಕ ಹೇಳುವ ಸಿಬಿಒದಲ್ಲಿ ಇರುವುದು ಸುಮಾರು 275 ಜನ. ಹೆಚ್ಚಿನವರು ಅರ್ಥಶಾಸ್ತ್ರ, ಸಾರ್ವಜನಿಕ ನೀತಿ ಓದಿದವರು. ಒಬ್ಬರಿಗೆ ಮೆಡಿಕೈಡ್, ಇನ್ನೊಬ್ಬರಿಗೆ ವಿದ್ಯಾರ್ಥಿ ಸಾಲ, ಮತ್ತೊಬ್ಬರಿಗೆ ಯುದ್ಧನೌಕೆ, ಹೀಗೆ ವಿಷಯ ಹಂಚಿಕೊಂಡು ಕೆಲಸ ಮಾಡುತ್ತಾರೆ.

ನನ್ನ ಮಟ್ಟಿಗೆ ಈ ಕಚೇರಿಯ ದೊಡ್ಡ ಗುಣ ಇಷ್ಟೇ: ಉತ್ತರ ಏನು ಬಂದರೂ ಲೆಕ್ಕ ಹಾಕಿದವರಿಗೆ ಲಾಭವೂ ಇಲ್ಲ, ನಷ್ಟವೂ ಇಲ್ಲ. ಮಸೂದೆ ತಂದವರಿಗೆ ಅದು ಅಗ್ಗವಾಗಿ ಕಾಣಬೇಕು. ವಿರೋಧಿಸುವವರಿಗೆ ದುಬಾರಿಯಾಗಿ ಕಾಣಬೇಕು. ಈ ಎರಡೂ ಆಸೆ ಇಲ್ಲದ ಮೂರನೆಯವರು ಒಬ್ಬರು ಬೇಕು.

ಹುಟ್ಟಿದ್ದು ಒಂದು ಜಗಳದಿಂದ

ಅಮೆರಿಕದ ಸಂವಿಧಾನದ ಪ್ರಕಾರ ಹಣದ ಚೀಲದ ದಾರ ಇರುವುದು ಸಂಸತ್ತಿನ ಕೈಯಲ್ಲಿ. ಆದರೆ ಲೆಕ್ಕ ಮಾಡುವ ಶಕ್ತಿ ಇದ್ದದ್ದು ಅಧ್ಯಕ್ಷರ ಕಡೆ. 1921ರಲ್ಲೇ ಕಾನೂನು ಮಾಡಿ ಸರ್ಕಾರದ ಒಳಗೆ ಒಂದು ಬಜೆಟ್ ಬ್ಯೂರೋ ತೆರೆದಿದ್ದರು. ಅಲ್ಲಿ ತಜ್ಞರಿದ್ದರು, ಕಡತಗಳಿದ್ದವು. ಸಂಸತ್ತಿನಲ್ಲೋ, ಒಂದೊಂದು ಸಮಿತಿಗೆ ಒಂದೊಂದು ತುಂಡು ಮಾತ್ರ ಕಾಣುತ್ತಿತ್ತು. ಒಟ್ಟು ಖರ್ಚು ಎಷ್ಟು, ಒಟ್ಟು ಆದಾಯ ಎಷ್ಟು ಅಂತ ಕೂಡಿಸಿ ನೋಡುವವರು ಯಾರೂ ಇರಲಿಲ್ಲ. ಅಧ್ಯಕ್ಷರು ಕಳಿಸಿದ ಅಂಕಿಯನ್ನೇ ನಂಬಬೇಕು. ನಂಬದಿದ್ದರೂ ಎದುರಿಗೆ ಇಡಲು ತಮ್ಮದು ಅಂತ ಒಂದು ಅಂಕಿ ಇರಲಿಲ್ಲ.

1970ರ ದಶಕದ ಶುರುವಿನಲ್ಲಿ ಇದು ಕುದಿಯಿತು. ಸಂಸತ್ತು ಮಂಜೂರು ಮಾಡಿದ ಹಣವನ್ನು ಅಧ್ಯಕ್ಷ ರಿಚರ್ಡ್ ನಿಕ್ಸನ್ ಖರ್ಚು ಮಾಡದೆ ತಡೆಹಿಡಿಯತೊಡಗಿದರು. ನೀರಿನ ಮಾಲಿನ್ಯ ತಡೆಯಲು 1972ರಲ್ಲಿ ಕೊಟ್ಟ ಹಣದಲ್ಲೂ ದೊಡ್ಡ ಪಾಲಿಗೆ ಹೀಗೇ ಆಯಿತು. ಸಂಸತ್ತು ಸುಮ್ನೆ ಕೂರಲಿಲ್ಲ. 1974ರ ಬಜೆಟ್ ಕಾನೂನು ಮಾಡಿ ಹೀಗೆ ಹಣ ತಡೆಯುವುದಕ್ಕೆ ಕಡಿವಾಣ ಹಾಕಿತು, ಎರಡೂ ಸದನಗಳಲ್ಲಿ ಬಜೆಟ್ ಸಮಿತಿ ಮಾಡಿತು, ತನ್ನದೇ ಲೆಕ್ಕದ ಕಚೇರಿ ಕಟ್ಟಿತು. ಆ ವರ್ಷದ ಜುಲೈ 12ರಂದು ಇದಕ್ಕೆ ಸಹಿ ಹಾಕಿದವರು ನಿಕ್ಸನ್ ಅವರೇ. ಆಗಸ್ಟ್ 9ರಂದು ಅವರು ಅಧ್ಯಕ್ಷ ಸ್ಥಾನ ಬಿಟ್ಟರು. ಇಂಥ ಕಚೇರಿ ಅಮೆರಿಕಕ್ಕೆ ತೀರಾ ಹೊಸದೂ ಅಲ್ಲ. ಕ್ಯಾಲಿಫೋರ್ನಿಯಾ ರಾಜ್ಯದ ಶಾಸನಸಭೆ 1941ರಲ್ಲೇ ತನಗೊಂದು ಪಕ್ಷಾತೀತ ವಿಶ್ಲೇಷಣಾ ಕಚೇರಿ ಮಾಡಿಕೊಂಡಿತ್ತು.

ಸಿಬಿಒ ಕೆಲಸ ಶುರುವಾಗಿದ್ದು 1975ರ ಫೆಬ್ರವರಿಯಲ್ಲಿ. ಮೊದಲ ನಿರ್ದೇಶಕಿ ಅರ್ಥಶಾಸ್ತ್ರಜ್ಞೆ ಆಲಿಸ್ ರಿವ್ಲಿನ್. ಅವರು ಶುರುವಿನಲ್ಲೇ ಒಂದು ಗೆರೆ ಹಾಕಿದರು: ಈ ಕಚೇರಿ ಶಿಫಾರಸು ಮಾಡುವುದಿಲ್ಲ. ‘ಹೀಗೆ ಮಾಡಿದರೆ ಇಷ್ಟು ಖರ್ಚು, ಇಂಥವರಿಗೆ ಇಂಥ ಪರಿಣಾಮ’ ಎನ್ನುತ್ತದೆ. ‘ಹೀಗೆ ಮಾಡಿ’ ಎನ್ನುವುದಿಲ್ಲ.

ಹೇಳಲು ಸುಲಭ, ಪಾಲಿಸಲು ಬಹಳ ಕಷ್ಟ. ಇಪ್ಪತ್ತು ವರ್ಷ ಪಿಂಚಣಿ ವಿಷಯವನ್ನೇ ಅರೆದು ಕುಡಿದವರಿಗೆ ಪಿಂಚಣಿಯ ಬಗ್ಗೆ ಸ್ವಂತ ಅಭಿಪ್ರಾಯ ಇಲ್ಲದೆ ಇರುತ್ತದೆಯೇ? ಇದ್ದರೂ ಅದು ವರದಿಯೊಳಗೆ ಬರಬಾರದು. ಕೊರತೆ ಇಳಿಸುವ ದಾರಿಗಳ ಬಗ್ಗೆ ಸಿಬಿಒ ಆಗಾಗ ಒಂದು ದಪ್ಪ ವರದಿ ತರುತ್ತದೆ. ಈ ತೆರಿಗೆ ಏರಿಸಿದರೆ ಇಷ್ಟು, ಆ ಸೌಲಭ್ಯ ಮೊಟಕು ಮಾಡಿದರೆ ಇಷ್ಟು ಅಂತ ಡಜನ್‌ಗಟ್ಟಲೆ ದಾರಿಗಳು. ಪರವಾಗಿ ಹೇಳುವ ವಾದ ಏನು, ವಿರುದ್ಧದ ವಾದ ಏನು ಎಂಬುದೂ ಅದರಲ್ಲಿ ಇರುತ್ತದೆ. ಯಾವುದು ಒಳ್ಳೆಯದು ಎಂಬ ಒಂದು ಸಾಲು ಮಾತ್ರ ಇರುವುದಿಲ್ಲ. ಅದನ್ನು ಹೇಳಬೇಕಾದವರು ಮತ ಪಡೆದು ಗೆದ್ದು ಬಂದವರು.

ನಿರ್ದೇಶಕರನ್ನು ಆರಿಸುವುದು ಪ್ರತಿನಿಧಿ ಸಭೆಯ ಸ್ಪೀಕರ್ ಮತ್ತು ಸೆನೆಟ್‌ನ ಹಂಗಾಮಿ ಅಧ್ಯಕ್ಷರು. ಬಜೆಟ್ ಸಮಿತಿಗಳ ಸಲಹೆ ಕೇಳಿ ಇಬ್ಬರೂ ಸೇರಿ ನೇಮಿಸುತ್ತಾರೆ. ಅವಧಿ ನಾಲ್ಕು ವರ್ಷ. ಎರಡರಲ್ಲಿ ಯಾವ ಸದನ ಬೇಕಾದರೂ ನಿರ್ಣಯ ಮಾಡಿ ತೆಗೆದುಹಾಕಬಹುದು. ಅಂದರೆ ಕುರ್ಚಿಗೆ ಭಾರೀ ರಕ್ಷಣೆ ಏನೂ ಇಲ್ಲ. ಆದರೂ ಈ ಕುರ್ಚಿಯಲ್ಲಿ ಕೂತವರು ಕೂರಿಸಿದವರ ಮುಖ ನೋಡಿ ಲೆಕ್ಕ ಬದಲಿಸಲಿಲ್ಲ. ರಿವ್ಲಿನ್ ಡೆಮಾಕ್ರಟಿಕ್ ಪಕ್ಷದ ಕಡೆಯವರು. ಅದೇ ಪಕ್ಷದ ಅಧ್ಯಕ್ಷ ಜಿಮ್ಮಿ ಕಾರ್ಟರ್ 1977ರಲ್ಲಿ ಇಂಧನ ಯೋಜನೆ ತಂದಾಗ, ಅವರು ಹೇಳಿದಷ್ಟು ತೈಲ ಉಳಿಯುವುದಿಲ್ಲ ಎಂದಿತು ರಿವ್ಲಿನ್ ಅವರ ಕಚೇರಿ. ಡಗ್ಲಸ್ ಹೋಲ್ಟ್ಸ್-ಈಕಿನ್ ಜಾರ್ಜ್ ಡಬ್ಲ್ಯೂ. ಬುಷ್ ಅವರ ಶ್ವೇತಭವನದಿಂದ ನೇರ 2003ರಲ್ಲಿ ಸಿಬಿಒಗೆ ಬಂದವರು. ಬುಷ್ ಅವರ ತೆರಿಗೆ ಕಡಿತ ತನ್ನ ಖರ್ಚನ್ನು ತಾನೇ ತುಂಬಿಕೊಳ್ಳುವಷ್ಟು ಆರ್ಥಿಕತೆಯನ್ನು ಬೆಳೆಸುತ್ತದೆ ಎಂದು ಹೋಲ್ಟ್ಸ್-ಈಕಿನ್ ಅವರ ಲೆಕ್ಕ ಹೇಳಲಿಲ್ಲ. 2015ರಲ್ಲಿ ರಿಪಬ್ಲಿಕನ್ನರು ಆರಿಸಿ ತಂದವರು ಕೀತ್ ಹಾಲ್. ಎರಡು ವರ್ಷದ ನಂತರ ಅದೇ ರಿಪಬ್ಲಿಕನ್ನರ ಆರೋಗ್ಯ ಮಸೂದೆ ಬಂತು. ಅದು ಕೊರತೆಯನ್ನು 33,700 ಕೋಟಿ ಡಾಲರ್ ಇಳಿಸುತ್ತದೆ, ಆದರೆ 2026ರ ಹೊತ್ತಿಗೆ ವಿಮೆ ಇಲ್ಲದವರನ್ನು 2.4 ಕೋಟಿ ಹೆಚ್ಚಿಸುತ್ತದೆ ಎಂದು 2017ರ ಮಾರ್ಚ್‌ನಲ್ಲಿ ಹೇಳಿದ್ದು ಹಾಲ್ ಅವರ ಸಿಬಿಒ. ಸ್ವಂತ ಮನೆಯವರಿಗೆ ಬೇಡದ ಸುದ್ದಿ ಹೇಳುವ ಈ ಧೈರ್ಯವೇ ಕಚೇರಿಯ ನಿಜವಾದ ಬಂಡವಾಳ ಅಂತ ನನಗನ್ನಿಸುತ್ತದೆ.

‘ಸ್ಕೋರ್’ ಹೇಗೆ ಬರುತ್ತದೆ

ವಾಷಿಂಗ್ಟನ್‌ನಲ್ಲಿ ಮಸೂದೆಯ ಖರ್ಚಿನ ಅಂದಾಜನ್ನು ‘ಸ್ಕೋರ್’ ಅಂತಾರೆ. ‘ಸ್ಕೋರ್ ಬಂತಾ?’ ಎಂದರೆ ‘ಸಿಬಿಒ ಲೆಕ್ಕ ಕೊಟ್ಟಿತಾ?’ ಎಂದರ್ಥ. ಸದನ ಸಮಿತಿಯೊಂದು ಒಪ್ಪಿ ಕಳಿಸಿದ ಹೆಚ್ಚುಕಡಿಮೆ ಎಲ್ಲ ಮಸೂದೆಗೂ ಇಂಥ ಅಂದಾಜು ಮಾಡಬೇಕೆಂದು ಕಾನೂನೇ ಹೇಳುತ್ತದೆ.

ಅದಕ್ಕೆ ಮೊದಲು ಒಂದು ಅಳತೆಗೋಲು ಬೇಕು. ಅದರ ಹೆಸರು ಬೇಸ್‌ಲೈನ್. ಈಗಿನ ಕಾನೂನುಗಳು ಹೇಗಿವೆಯೋ ಹಾಗೇ ಮುಂದುವರಿದರೆ ಮುಂದಿನ ಹತ್ತು ವರ್ಷ ಸರ್ಕಾರಕ್ಕೆ ಎಷ್ಟು ಬರುತ್ತದೆ, ಎಷ್ಟು ಹೋಗುತ್ತದೆ, ಸಾಲ ಎಷ್ಟಾಗುತ್ತದೆ ಎಂಬ ಚಿತ್ರ ಅದು. ಸಾಮಾನ್ಯವಾಗಿ ವರ್ಷದ ಶುರುವಿನಲ್ಲಿ ಹೊಸ ಚಿತ್ರ ಬರುತ್ತದೆ. ಮಸೂದೆ ಬಂದಾಗ ಸಿಬಿಒ ಕೇಳುವ ಪ್ರಶ್ನೆ: ಇದು ಕಾನೂನಾದರೆ ಈ ಚಿತ್ರ ಎಷ್ಟು ಬದಲಾಗುತ್ತದೆ? ಆ ವ್ಯತ್ಯಾಸವೇ ಸ್ಕೋರ್. ತೆರಿಗೆ ಕಾನೂನು ಬದಲಿಸುವ ಮಸೂದೆಯಾದರೆ ಆದಾಯದ ಲೆಕ್ಕ ಮಾಡುವವರು ಬೇರೆ. 1926ರಿಂದ ಇರುವ ತೆರಿಗೆಯ ಜಂಟಿ ಸಮಿತಿಯ ಸಿಬ್ಬಂದಿ ಆ ಅಂಕಿ ಕೊಡುತ್ತಾರೆ. ಮೇಲೆ ಹೇಳಿದ ವಿಮೆ ದಂಡದ ಲೆಕ್ಕವನ್ನು ಇಬ್ಬರೂ ಸೇರಿ ಮಾಡಿದ್ದರು.

ಹೊರಗೆ ಕಾಣುವುದು ಪ್ರಕಟವಾದ ವರದಿ. ಅದಕ್ಕಿಂತ ಬಹಳ ಹೆಚ್ಚು ಕೆಲಸ ಅದರ ಮುಂಚೆ ನಡೆದಿರುತ್ತದೆ. ಸಮಿತಿಯ ಸಿಬ್ಬಂದಿ ಕರಡು ಹಿಡಿದು ಸಿಬಿಒ ವಿಶ್ಲೇಷಕರಿಗೆ ಫೋನ್ ಮಾಡುತ್ತಾರೆ. ಸೌಲಭ್ಯವನ್ನು ಒಂದು ವರ್ಷ ತಡವಾಗಿ ಶುರು ಮಾಡಿದರೆ? ಆದಾಯದ ಮಿತಿ ಸ್ವಲ್ಪ ಇಳಿಸಿದರೆ? ‘ಕೊಡಬಹುದು’ ಎಂಬ ಕಡೆ ‘ಕೊಡಬೇಕು’ ಅಂತ ಬರೆದರೆ? ಈ ಕೊನೆಯದು ಬರೀ ಒಂದು ಪದ, ಆದರೆ ಬಜೆಟ್ಟಿನಲ್ಲಿ ಅದರ ತೂಕ ಬಹಳ. ‘ಕೊಡಬೇಕು’ ಎಂದರೆ ಅರ್ಹರಾದ ಪ್ರತಿಯೊಬ್ಬರಿಗೂ ಹಣ ಹೋಗಲೇಬೇಕು. ‘ಕೊಡಬಹುದು’ ಎಂದರೆ ಮುಂದೆ ಸಂಸತ್ತು ಎಷ್ಟು ಮಂಜೂರು ಮಾಡುತ್ತದೋ ಅಷ್ಟೇ. ವಿಶ್ಲೇಷಕರು ಅಂದಾಜು ಹೇಳುತ್ತಾರೆ, ಕರಡು ಬದಲಾಗುತ್ತದೆ, ಮತ್ತೆ ಫೋನ್ ಬರುತ್ತದೆ. ಪ್ರಸ್ತಾವ ಬಹಿರಂಗ ಆಗುವವರೆಗೆ ಈ ಮಾತುಕತೆ ಗುಟ್ಟಾಗಿರುತ್ತದೆ. ಇಲ್ಲದಿದ್ದರೆ ಯಾರೂ ಮನಸ್ಸು ಬಿಚ್ಚಿ ‘ಹೀಗೆ ಮಾಡಿದರೆ ಹೇಗೆ’ ಅಂತ ಕೇಳುವುದಿಲ್ಲ. ಸಮಿತಿ ಒಪ್ಪಿದ ಮಸೂದೆಯ ಅಂದಾಜು ಮಾತ್ರ ಎಲ್ಲರಿಗೂ ತೆರೆದಿರುತ್ತದೆ. ಆಳುವ ಪಕ್ಷ, ವಿರೋಧ ಪಕ್ಷ, ಪತ್ರಕರ್ತರು, ನಾನು, ನೀವು, ಎಲ್ಲರೂ ಓದುವುದು ಅದೇ ಪುಟ.

ಒಂದೇ ಪುಟ ಓದಿದರೂ ಎಲ್ಲರೂ ಅದರಿಂದ ಒಂದೇ ಸಾಲು ಎತ್ತಿಕೊಳ್ಳುವುದಿಲ್ಲ. 2019ರ ಜುಲೈನಲ್ಲಿ ಕನಿಷ್ಠ ಕೂಲಿಯ ಬಗ್ಗೆ ಬಂದ ವರದಿಯನ್ನೇ ನೋಡಿ. ಕೇಂದ್ರ ಸರ್ಕಾರದ ಕನಿಷ್ಠ ಕೂಲಿಯನ್ನು ಗಂಟೆಗೆ 7.25 ಡಾಲರ್‌ನಿಂದ 2025ರ ಹೊತ್ತಿಗೆ 15 ಡಾಲರ್‌ಗೆ ಏರಿಸಿದರೆ ಏನಾಗುತ್ತದೆ? 1.7 ಕೋಟಿ ಕೆಲಸಗಾರರ ಕೂಲಿ ನೇರವಾಗಿ ಏರುತ್ತದೆ. 13 ಲಕ್ಷ ಜನ ಬಡತನದಿಂದ ಹೊರಬರುತ್ತಾರೆ. 13 ಲಕ್ಷ ಜನರ ಕೆಲಸ ಹೋಗುತ್ತದೆ. ಒಂದು ಕಡೆಯವರು ಮೊದಲ 13 ಲಕ್ಷ ಹಿಡಿದರು, ಇನ್ನೊಂದು ಕಡೆಯವರು ಎರಡನೆಯ 13 ಲಕ್ಷ. ವರದಿಯಲ್ಲಿ ಇನ್ನೂ ಒಂದು ಮಾತಿತ್ತು. ಕೆಲಸ ಕಳೆದುಕೊಳ್ಳುವವರು ಹೆಚ್ಚುಕಡಿಮೆ ಸೊನ್ನೆಯೂ ಆಗಬಹುದು, 37 ಲಕ್ಷವೂ ಆಗಬಹುದು. ಮೂರರಲ್ಲಿ ಎರಡು ಪಾಲು ಸಾಧ್ಯತೆ ಈ ಎರಡರ ನಡುವೆ ಇದೆ. 13 ಲಕ್ಷ ಎಂಬುದು ನಡುವಿನ ಅಂಕಿ. ಭಾಷಣಗಳಲ್ಲಿ ಬಿದ್ದುಹೋಗುವುದು ಈ ಮಾತೇ. ಸಿಬಿಒ ವರದಿ ಓದುವಾಗ ನೀವು ಮೊದಲು ಹುಡುಕಬೇಕಾದದ್ದೂ ಇದನ್ನೇ.

ಲೆಕ್ಕ ತಪ್ಪಿದಾಗ

2001ರ ಜನವರಿಯಲ್ಲಿ ಸಿಬಿಒ, ಮುಂದಿನ ಹತ್ತು ವರ್ಷದಲ್ಲಿ ಸರ್ಕಾರದ ಬಳಿ ಖರ್ಚೆಲ್ಲ ಕಳೆದು 5.6 ಲಕ್ಷ ಕೋಟಿ ಡಾಲರ್ ಮಿಗುತ್ತದೆ ಎಂದು ಅಂದಾಜು ಮಾಡಿತ್ತು. ಮಿಗುವುದಿರಲಿ, ಸಾಲದ ಮೇಲೆ ಸಾಲ ಆಯಿತು. ಅದೇ ವರ್ಷ ದೊಡ್ಡ ತೆರಿಗೆ ಕಡಿತ ಬಂತು, 2003ರಲ್ಲಿ ಇನ್ನೊಂದು. ಅಫ್ಘಾನಿಸ್ತಾನ, ಇರಾಕ್ ಯುದ್ಧಗಳು ಬಂದವು. 2008ರ ಕುಸಿತ ಬಂತು. ಇದನ್ನು ಪೂರ್ತಿ ಸಿಬಿಒ ತಪ್ಪು ಅನ್ನಲಾಗದು. ಬೇಸ್‌ಲೈನ್ ಇರುವುದೇ ‘ಕಾನೂನು ಹೀಗೇ ಇದ್ದರೆ’ ಎಂಬ ಷರತ್ತಿನ ಮೇಲೆ. ಕಾನೂನು ಬದಲಿಸಿದ್ದು ಸಂಸದರು. ಆದರೆ ಆರ್ಥಿಕತೆ ಹೇಗೆ ನಡೆಯುತ್ತದೆ ಎಂಬ ಭಾಗದಲ್ಲೂ ಅಂದಾಜು ದೂರ ಹೋಯಿತು. ಆ ಪಾಲು ಕಚೇರಿಯದೇ.

ವಿಮೆ ದಂಡದ ಲೆಕ್ಕವೂ ಹಾಗೇ ಉಳಿಯಲಿಲ್ಲ. 2017ರ ತೆರಿಗೆ ಮಸೂದೆ ಹತ್ತು ವರ್ಷದಲ್ಲಿ ಕೊರತೆಯನ್ನು 1.5 ಲಕ್ಷ ಕೋಟಿ ಡಾಲರ್‌ಗಿಂತ ಹೆಚ್ಚಿಸಬಾರದು ಎಂಬ ಮಿತಿ ಇತ್ತು. ಆ ಮಿತಿಯೊಳಗೆ ತೆರಿಗೆ ಕಡಿತವನ್ನು ಕೂರಿಸಲು ದಂಡ ರದ್ದತಿಯ ಉಳಿತಾಯ ಸಹಾಯಕ್ಕೆ ಬಂತು. ಡಿಸೆಂಬರ್‌ನಲ್ಲಿ ಕಾನೂನಾಯಿತು, 2019ರಿಂದ ದಂಡ ಸೊನ್ನೆ. ಆದರೆ 2018ರ ಮೇ ತಿಂಗಳ ಹೊತ್ತಿಗೆ ಸಿಬಿಒ ತನ್ನ ಮಾದರಿಗಳನ್ನು ತಿದ್ದಿಕೊಂಡಿತ್ತು. ದಂಡ ತೆಗೆದರೆ ಆಗುವ ಪರಿಣಾಮ ಮೊದಲು ಹೇಳಿದ್ದಕ್ಕಿಂತ ಸುಮಾರು ಮೂರನೇ ಒಂದು ಭಾಗ ಕಡಿಮೆ ಎಂದಿತು. ದಂಡದ ಭಯಕ್ಕೇ ಜನ ವಿಮೆ ಮಾಡಿಸುತ್ತಾರೆ ಎಂದು ಮೊದಲು ಅಂದುಕೊಂಡಷ್ಟು ನಿಜ ಇರಲಿಲ್ಲ. ಕಾನೂನು ಅಷ್ಟರಲ್ಲಿ ಆಗಿಹೋಗಿತ್ತು. ಹಳೆಯ ಸ್ಕೋರ್ ಮೇಲೆ ಹಾಕಿದ ಮತ ಹಿಂದಕ್ಕೆ ಬರುವುದಿಲ್ಲ. ಇದು ನಿಜಕ್ಕೂ ಬೇಸರದ ವಿಷಯ. ಒಂದು ಸಮಾಧಾನ ಇದೆ: ತಿದ್ದಿದ ಅಂಕಿಯನ್ನು ಬಚ್ಚಿಡಲಿಲ್ಲ. ತನ್ನ ಹಳೆಯ ಅಂದಾಜು ಎಷ್ಟು ಸರಿಯಾಯಿತು, ಎಷ್ಟು ತಪ್ಪಾಯಿತು ಎಂದು ಸಿಬಿಒ ತಾನೇ ಲೆಕ್ಕ ಹಾಕಿ ಪ್ರಕಟಿಸುತ್ತದೆ.

ಲೆಕ್ಕ ಸರಿಯಿದ್ದಾಗಲೂ ಅದನ್ನು ಬಗ್ಗಿಸುವ ದಾರಿಗಳಿವೆ, ಮತ್ತು ಎರಡೂ ಪಕ್ಷಗಳಿಗೆ ಅವು ಚೆನ್ನಾಗಿ ಗೊತ್ತು. ಸ್ಕೋರ್ ನೋಡುವ ಕಾಲದ ಕಿಟಕಿ ಹತ್ತು ವರ್ಷದ್ದು ಎಂದಮೇಲೆ ಖರ್ಚನ್ನು ಆ ಕಿಟಕಿಯಾಚೆ ತಳ್ಳಬಹುದು. 2001ರ ತೆರಿಗೆ ಕಡಿತ 2010ರ ಕೊನೆಗೆ ತಾನಾಗಿ ಮುಗಿಯುವಂತೆ ಬರೆದಿದ್ದರು. ಕಿಟಕಿಯಾಚೆಗೂ ಕೊರತೆ ಹೆಚ್ಚಿಸುವ ಮಸೂದೆಗೆ ಸೆನೆಟ್‌ನಲ್ಲಿ ಅಡ್ಡಿ ಇತ್ತು, ಅದಕ್ಕೆ ಹೀಗೆ ಮಾಡಿದರು. 2010ರ ಆರೋಗ್ಯ ಕಾನೂನಿನಲ್ಲಿ ವಿಮೆ ಸಬ್ಸಿಡಿ ಶುರುವಾಗುವುದು 2014ರಲ್ಲಿ. ಕಿಟಕಿ 2010ರಿಂದ 2019ರವರೆಗೆ, ಹಾಗಾಗಿ ಅದರೊಳಗೆ ಕಂಡದ್ದು ಆರು ವರ್ಷದ ಸಬ್ಸಿಡಿ ಮಾತ್ರ. ಸಿಬಿಒ ಎದುರಿಗೆ ಬಂದ ಮಸೂದೆಯ ಪಠ್ಯವನ್ನೇ ಅಳೆಯಬೇಕು. ‘ಇದನ್ನು ಆಮೇಲೆ ಮುಂದುವರಿಸಿಯೇ ಮುಂದುವರಿಸುತ್ತಾರೆ’ ಎಂದು ಗೊತ್ತಿದ್ದರೂ ಅದನ್ನು ಸ್ಕೋರಿನೊಳಗೆ ಸೇರಿಸುವ ಹಾಗಿಲ್ಲ. ಯಾರಾದರೂ ಸದಸ್ಯರು ಕೇಳಿದರೆ ಬೇರೆ ಕಾಗದದಲ್ಲಿ ಆ ಲೆಕ್ಕವನ್ನೂ ಮಾಡಿಕೊಡುತ್ತದೆ.

ಅಳತೆಗೋಲನ್ನೇ ಬದಲಿಸುವುದು ಇನ್ನೊಂದು ದಾರಿ. 2025ರಲ್ಲಿ ಆದದ್ದು ಅದು. 2017ರ ತೆರಿಗೆ ಕಡಿತಗಳಲ್ಲಿ ಹಲವು 2025ರ ಕೊನೆಗೆ ಮುಗಿಯಬೇಕಿತ್ತು. ಅವನ್ನು ಕಾಯಂ ಮಾಡುವ, ಮೆಡಿಕೈಡ್ ಖರ್ಚು ಇಳಿಸುವ ದೊಡ್ಡ ಮಸೂದೆ ಬಂತು. ಈಗಿನ ಕಾನೂನಿಗೆ ಹೋಲಿಸಿದರೆ ಇದು ಹತ್ತು ವರ್ಷದಲ್ಲಿ ಕೊರತೆಯನ್ನು 3.4 ಲಕ್ಷ ಕೋಟಿ ಡಾಲರ್ ಹೆಚ್ಚಿಸುತ್ತದೆ, 2034ರ ಹೊತ್ತಿಗೆ ವಿಮೆ ಇಲ್ಲದವರು 1 ಕೋಟಿ ಹೆಚ್ಚುತ್ತಾರೆ ಎಂಬುದು ಸಿಬಿಒ ಲೆಕ್ಕ. ಸೆನೆಟ್‌ನ ಬಹುಮತದವರು ಬೇರೆ ಅಳತೆಗೋಲು ಹಿಡಿದರು: ಕಡಿತಗಳು ಈಗಾಗಲೇ ಜಾರಿಯಲ್ಲಿವೆ, ಅವು ಮುಂದುವರಿಯುತ್ತವೆ ಎಂದೇ ಇಟ್ಟುಕೊಂಡು ಅಳೆಯಿರಿ. ಯಾವ ಅಳತೆಗೋಲು ಎಂದು ತೀರ್ಮಾನಿಸುವ ಅಧಿಕಾರ ಸದನದ್ದು, ಕಚೇರಿಯದ್ದಲ್ಲ. ಸಿಬಿಒ ಆ ಲೆಕ್ಕವನ್ನೂ ಮಾಡಿಕೊಟ್ಟಿತು. ಹಾಗೆ ಅಳೆದರೆ ಅದೇ ಮಸೂದೆ ಕೊರತೆಯನ್ನು ಇಳಿಸುವಂತೆ ಕಾಣುತ್ತಿತ್ತು. ಜುಲೈ 1ರಂದು ಸೆನೆಟ್‌ನಲ್ಲಿ 50-50 ಸಮ ಬಂತು. ಉಪಾಧ್ಯಕ್ಷರ ಮತದಿಂದ ಮಸೂದೆ ಗೆದ್ದಿತು. ಎರಡು ದಿನ ಬಿಟ್ಟು ಪ್ರತಿನಿಧಿ ಸಭೆಯಲ್ಲಿ 218-214. ಎರಡೂ ಅಳತೆಗೋಲಿನ ಲೆಕ್ಕ ಸಿಬಿಒ ವೆಬ್‌ಸೈಟಿನಲ್ಲಿದೆ. ಯಾವುದನ್ನು ಯಾವುದಕ್ಕೆ ಹೋಲಿಸಿದ್ದು ಎಂಬುದನ್ನು ಎರಡರಲ್ಲೂ ಬರೆದಿದ್ದಾರೆ.